ಸಣ್ಣ ಉದ್ಯಮದ ಗಣಕಯಂತ್ರಕ್ಕೆ ಮುಕ್ತ ತಂತ್ರಾಂಶ: ಲೆಕ್ಕಪರಿಶೋಧಕನ ದೃಷ್ಟಿಯಲ್ಲಿ

ಸ್ಥಿರಾಸ್ತಿಗಳ ವಹಿಯನ್ನು ಪರಿಶೀಲಿಸುವಾಗ ನಮ್ಮ ವೃತ್ತಿಯವರಿಗೆ ಒಂದು ಸಂಗತಿ ಮೇಲಿಂದ ಮೇಲೆ ಕಣ್ಣಿಗೆ ಬೀಳುತ್ತದೆ. ಐದು ಗಣಕಯಂತ್ರಗಳ ಖರೀದಿ ಬೀಜಕಗಳು ಕ್ರಮವಾಗಿ ಇರುತ್ತವೆ. ಮುದ್ರಣಯಂತ್ರ, ಯುಪಿಎಸ್, ಬಾರ್‌ಕೋಡ್ ಸ್ಕ್ಯಾನರ್ ಇವುಗಳ ಬೀಜಕಗಳೂ ಇರುತ್ತವೆ. ಆದರೆ ಆ ಐದು ಯಂತ್ರಗಳಲ್ಲಿ ದಿನವಿಡೀ ಓಡುವ ತಂತ್ರಾಂಶಗಳಿಗೆ ಸಂಬಂಧಿಸಿದ ಬೀಜಕ ಒಂದೂ ಇರುವುದಿಲ್ಲ. ಕೇಳಿದರೆ, "ಕಂಪ್ಯೂಟರ್ ಕೊಟ್ಟವರೇ ಎಲ್ಲ ಹಾಕಿಕೊಟ್ಟಿದ್ದಾರೆ" ಎಂಬ ಉತ್ತರ ಸಿದ್ಧವಾಗಿರುತ್ತದೆ. ಬಿಡದಿ ಕೈಗಾರಿಕಾ ಪ್ರದೇಶದ ಬಿಡಿಭಾಗ ತಯಾರಕರಾಗಲಿ, ಚನ್ನಪಟ್ಟಣದ ಬೊಂಬೆ ಉದ್ಯಮಿಗಳಾಗಲಿ, ರಾಮನಗರದ ರೇಷ್ಮೆ ನೂಲು ಬಿಚ್ಚಾಣಿಕೆದಾರರಾಗಲಿ, ಕನಕಪುರ, ಮಾಗಡಿಗಳ ಸಗಟು ವರ್ತಕರಾಗಲಿ, ಈ ವಿಷಯದಲ್ಲಿ ಹೆಚ್ಚಿನ ಭೇದವಿಲ್ಲ.

ಈ ಪ್ರಶ್ನೆಯನ್ನು ಇನ್ನು ಮುಂದೂಡುವುದು ಕಷ್ಟ. 2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ಸಂಸ್ಥೆಯು ವಿಂಡೋಸ್ 10ಕ್ಕೆ ನೀಡುತ್ತಿದ್ದ ಸಾಮಾನ್ಯ ಬೆಂಬಲವನ್ನು ಕೊನೆಗೊಳಿಸಿತು. ಆ ಬಳಿಕ ವಿಶೇಷ ಯೋಜನೆಗೆ ನೋಂದಾಯಿಸಿಕೊಂಡವರಿಗೆ ಮಾತ್ರ ಸೀಮಿತ ಅವಧಿಯ ಭದ್ರತಾ ಪರಿಷ್ಕರಣೆಗಳು. ವಿಂಡೋಸ್ 11ಕ್ಕಾದರೋ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆಯೂ ಇಂಟೆಲ್ ಆದಲ್ಲಿ ಎಂಟನೆಯ ತಲೆಮಾರಿನ ಅಥವಾ ಅದರ ನಂತರದ ಪ್ರೊಸೆಸರೂ ಇರತಕ್ಕದ್ದು. ಚೆನ್ನಾಗಿಯೇ ಕೆಲಸ ಮಾಡುತ್ತಿರುವ ಹತ್ತು ವರ್ಷ ಹಳೆಯ ಯಂತ್ರಗಳನ್ನು ಇಟ್ಟುಕೊಂಡಿರುವ ಉದ್ಯಮಿಯ ಮುಂದೆ ಈಗ ಮೂರು ದಾರಿಗಳಿವೆ: ಹೊಸ ಯಂತ್ರ ಕೊಳ್ಳುವುದು, ರಕ್ಷಣೆಯಿಲ್ಲದ ಯಂತ್ರದಲ್ಲಿಯೇ ಬ್ಯಾಂಕು ವ್ಯವಹಾರ ನಡೆಸುವುದು, ಇಲ್ಲವೇ ಬೇರೊಂದು ತಂತ್ರಾಂಶಕ್ಕೆ ಹೋಗುವುದು. ಮೂರನೆಯ ದಾರಿಯನ್ನು ಕುರಿತು ಈ ಲೇಖನ.

ಕಳ್ಳಪ್ರತಿಯ ವಿಷಯವನ್ನು ಮೊದಲು ಮುಗಿಸಿಬಿಡೋಣ. ಕೃತಿಸ್ವಾಮ್ಯ ಅಧಿನಿಯಮ, 1957ರ 63ಬಿ ಪ್ರಕರಣದ ಪ್ರಕಾರ, ಅನಧಿಕೃತ ಪ್ರತಿಯೆಂದು ತಿಳಿದೂ ಗಣಕ ತಂತ್ರಾಂಶವನ್ನು ಬಳಸುವವರಿಗೆ 7 ದಿನಗಳಿಗೆ ಕಡಿಮೆಯಿಲ್ಲದ, 3 ವರ್ಷಗಳವರೆಗಿನ ಕಾರಾವಾಸ ಹಾಗೂ 50,000 ರೂಪಾಯಿಗಳಿಂದ 2 ಲಕ್ಷ ರೂಪಾಯಿಗಳವರೆಗೆ ದಂಡ ವಿಧಿಸಬಹುದಾಗಿದೆ. ಲಾಭಕ್ಕಾಗಿ ಅಥವಾ ವ್ಯಾಪಾರದ ಕ್ರಮದಲ್ಲಿ ಬಳಸಿರದಿದ್ದರೆ ಮಾತ್ರ ನ್ಯಾಯಾಲಯವು ಕಾರಾವಾಸವನ್ನು ಬಿಟ್ಟು ದಂಡಕ್ಕೆ ಸೀಮಿತಗೊಳಿಸಬಹುದು. ಅಂಗಡಿ, ಕಾರ್ಖಾನೆಗಳವರಿಗೆ ಈ ರಿಯಾಯಿತಿ ಅನ್ವಯಿಸದು ಎಂಬುದನ್ನು ಬೇರೆ ಹೇಳಬೇಕಿಲ್ಲ. ಕಾನೂನಿಗಿಂತ ಹತ್ತಿರದ ಅಪಾಯ ಇನ್ನೊಂದಿದೆ. ಕಳ್ಳಪ್ರತಿಯನ್ನು ಚಾಲನೆಗೊಳಿಸುವ 'ಆಕ್ಟಿವೇಟರ್' ಎಂಬ ಕಡತವನ್ನು ಹಾಕುವ ಮುನ್ನ ವೈರಸ್ ನಿರೋಧಕವನ್ನು ನಿಲ್ಲಿಸಿರಿ ಎಂದು ಅದರ ಜೊತೆಗೇ ಬರೆದಿರುತ್ತದೆ. ಬಾಗಿಲ ಕಾವಲುಗಾರನನ್ನು ಮನೆಗೆ ಕಳುಹಿಸಿ ಅಪರಿಚಿತನನ್ನು ಒಳಗೆ ಕರೆದಂತೆ!

ಉಚಿತ ಬೇರೆ, ಮುಕ್ತ ಬೇರೆ

ಪುಕ್ಕಟೆ ದೊರೆಯುವ ತಂತ್ರಾಂಶವೆಲ್ಲವೂ ಮುಕ್ತ ತಂತ್ರಾಂಶವಲ್ಲ. ವಾಟ್ಸ್ಆಪ್ ಆಗಲಿ, ಅಡೋಬಿ ರೀಡರ್ ಆಗಲಿ ಹಣ ಕೇಳುವುದಿಲ್ಲ. ಆದರೆ ಅವುಗಳ ಒಳರಚನೆ ಕಂಪನಿಯ ಸ್ವತ್ತು. ನಾಳೆ ಅವರು ಶುಲ್ಕ ವಿಧಿಸಿದರೂ, ನಿಲ್ಲಿಸಿದರೂ ಬಳಕೆದಾರರು ಮಾಡಬಹುದಾದುದೇನೂ ಇಲ್ಲ. ಮುಕ್ತ ತಂತ್ರಾಂಶದಲ್ಲಿ ಆಕರ ಸಂಕೇತವೇ ಬಹಿರಂಗವಾಗಿರುತ್ತದೆ. ಯಾವ ಕೆಲಸಕ್ಕಾದರೂ ಬಳಸಲು, ಪರಿಶೀಲಿಸಲು, ತಿದ್ದಲು, ಇತರರಿಗೆ ಹಂಚಲು ಪರವಾನಗಿಯಲ್ಲಿಯೇ ಅನುಮತಿ ಇರುತ್ತದೆ. ರಿಚರ್ಡ್ ಸ್ಟಾಲ್‌ಮನ್ ಅವರು 1983ರಲ್ಲಿ ಘೋಷಿಸಿದ ಗ್ನೂ ಯೋಜನೆ ಹಾಗೂ ಲೀನಸ್ ಟೊರ್ವಾಲ್ಡ್ಸ್ ಅವರು 1991ರಲ್ಲಿ ಆರಂಭಿಸಿದ ಲಿನಕ್ಸ್ ಈ ಪರಂಪರೆಯ ಬುನಾದಿ. ವ್ಯಾಪಾರಕ್ಕೆ ಬಳಸಬಾರದೆಂಬ ಷರತ್ತು ಇಲ್ಲದಿರುವುದು ನಮ್ಮ ದೃಷ್ಟಿಯಿಂದ ಮುಖ್ಯ. 'ವೈಯಕ್ತಿಕ ಬಳಕೆಗೆ ಮಾತ್ರ ಉಚಿತ' ಎನ್ನುವ ಎಷ್ಟೋ ತಂತ್ರಾಂಶಗಳನ್ನು ನಮ್ಮ ಕಚೇರಿಗಳಲ್ಲಿ ಅರಿಯದೆಯೇ ಬಳಸಲಾಗುತ್ತಿದೆ.

ಸುಮ್ಮನೆ ಕೊಡುವವರಿಗೆ ಏನು ಲಾಭ ಎಂದು ವರ್ತಕರು ಕೇಳುವುದು ಸಹಜವೇ. ಲಿನಕ್ಸ್ ಕೆಲಸದ ದೊಡ್ಡ ಭಾಗವನ್ನು ಇಂಟೆಲ್, ರೆಡ್ ಹ್ಯಾಟ್, ಗೂಗಲ್ ಮೊದಲಾದ ಕಂಪನಿಗಳ ವೇತನದಾರ ತಂತ್ರಜ್ಞರೇ ಮಾಡುತ್ತಾರೆ, ಏಕೆಂದರೆ ಅವರ ವ್ಯವಹಾರವೂ ಅದರ ಮೇಲೆ ನಿಂತಿದೆ. ಬೆಂಗಳೂರಿನ ಝೆರೋಧಾ ಸಂಸ್ಥೆಯು 2024ರಲ್ಲಿ ಇಂತಹ ಯೋಜನೆಗಳಿಗಾಗಿ ವರ್ಷಕ್ಕೆ 10 ಲಕ್ಷ ಡಾಲರುಗಳ ನಿಧಿಯನ್ನು ಘೋಷಿಸಿತು. ಉಳಿದುದು ಬಳಕೆದಾರರ ದೇಣಿಗೆ.

ದಿನಬಳಕೆಯ ಸಾಧನಗಳು

ಮೊದಲ ಸ್ಥಾನ ನಿಸ್ಸಂದೇಹವಾಗಿ ಲಿಬ್ರೆ ಆಫೀಸ್‌ಗೆ ಸಲ್ಲಬೇಕು. ಪತ್ರ, ದರಪಟ್ಟಿ, ಕೋಷ್ಟಕ ಲೆಕ್ಕಗಳಿಗೆ ಇದು ಸಾಕು. ವರ್ಡ್, ಎಕ್ಸೆಲ್ ಕಡತಗಳನ್ನು ತೆರೆಯುತ್ತದೆ, ಅದೇ ರೂಪದಲ್ಲಿ ಉಳಿಸಿಯೂ ಕೊಡುತ್ತದೆ, ಯಾವುದೇ ಪತ್ರವನ್ನು ಪಿಡಿಎಫ್ ಆಗಿ ಮಾರ್ಪಡಿಸುತ್ತದೆ. ಇದರ ಇತಿಹಾಸವೇ ಮುಕ್ತ ತಂತ್ರಾಂಶದ ಪ್ರಯೋಜನಕ್ಕೆ ಉತ್ತಮ ನಿದರ್ಶನ. ಜರ್ಮನಿಯ ಸ್ಟಾರ್ ಡಿವಿಷನ್ ಎಂಬ ಕಂಪನಿಯ ತಂತ್ರಾಂಶವನ್ನು ಸನ್ ಮೈಕ್ರೋಸಿಸ್ಟಮ್ಸ್ 1999ರಲ್ಲಿ ಕೊಂಡು, 2000ದಲ್ಲಿ ಆಕರ ಸಂಕೇತವನ್ನು ಬಹಿರಂಗಗೊಳಿಸಿತು. ಅದು ಓಪನ್ ಆಫೀಸ್ ಎನಿಸಿತು. 2010ರಲ್ಲಿ ಸನ್ ಸಂಸ್ಥೆಯೇ ಒರಾಕಲ್‌ನ ಪಾಲಾಯಿತು. ಮುಂದೇನು ಎಂಬ ಆತಂಕದಲ್ಲಿದ್ದ ತಂತ್ರಜ್ಞರು ಅದೇ ವರ್ಷದ ಸೆಪ್ಟೆಂಬರಿನಲ್ಲಿ ಪ್ರತ್ಯೇಕ ಪ್ರತಿಷ್ಠಾನವನ್ನು ಕಟ್ಟಿ, ಅದೇ ಸಂಕೇತವನ್ನು ಲಿಬ್ರೆ ಆಫೀಸ್ ಎಂಬ ಹೆಸರಿನಲ್ಲಿ ಮುಂದುವರಿಸಿದರು. ಮಾಲೀಕತ್ವ ಎರಡು ಬಾರಿ ಬದಲಾದರೂ ಬಳಕೆದಾರನ ಒಂದು ಕಡತವೂ ಮುಚ್ಚಿಹೋಗಲಿಲ್ಲ. ಇದರ ಮೂಲ ಕಡತರೂಪವಾದ ಓಡಿಎಫ್ 2006ರಿಂದ ಐಎಸ್‌ಒ ಮಾನಕವೂ ಆಗಿದೆ. ಹಳೆಯ ಓಪನ್ ಆಫೀಸ್ ಹೆಸರಿನಲ್ಲಿಯೂ ಒಂದು ಪ್ರತಿ ಸಿಗುತ್ತದೆ. ಹೊಸದಾಗಿ ಹಾಕಿಕೊಳ್ಳುವವರು ಲಿಬ್ರೆ ಆಫೀಸನ್ನೇ ಆರಿಸಿಕೊಳ್ಳುವುದು ಲೇಸು.

ಗುಪ್ತಪದಗಳ ಸ್ಥಿತಿ ಶೋಚನೀಯ. ಜಿಎಸ್‌ಟಿ, ಆದಾಯ ತೆರಿಗೆ, ಟಿಡಿಎಸ್, ಇ-ವೇ ಬಿಲ್, ಭವಿಷ್ಯ ನಿಧಿ, ಇಎಸ್‌ಐ, ಉದ್ಯಮ್ ನೋಂದಣಿ, ಎರಡು ಬ್ಯಾಂಕುಗಳು ಎಂದು ಲೆಕ್ಕ ಹಾಕಿದರೆ ಸಣ್ಣ ಘಟಕವೊಂದಕ್ಕೂ ಹತ್ತು ಹನ್ನೆರಡು ಗುಪ್ತಪದಗಳಾಗುತ್ತವೆ. ಅವೆಲ್ಲವೂ ಗಲ್ಲಾಪೆಟ್ಟಿಗೆಯ ಹಿಂದಿನ ಕ್ಯಾಲೆಂಡರಿನಲ್ಲಿ ದುಂಡಗೆ ಬರೆಯಲ್ಪಟ್ಟಿರುವುದನ್ನು ಕಂಡಿದ್ದೇನೆ. ವರ್ಷ ಕಳೆದು ಕ್ಯಾಲೆಂಡರು ರದ್ದಿಗೆ ಹೋದಾಗ ಗುಪ್ತಪದಗಳೂ ಹೋಗುತ್ತವೆ! ಕೀಪಾಸ್ ಎಕ್ಸ್‌ಸಿ ಎಂಬ ಮುಕ್ತ ತಂತ್ರಾಂಶವು ಇವೆಲ್ಲವನ್ನೂ ಗೂಢಲಿಪಿಯ ಒಂದೇ ಕಡತದಲ್ಲಿ ಇಡುತ್ತದೆ. ಒಂದು ಮುಖ್ಯ ಗುಪ್ತಪದ ನೆನಪಿದ್ದರೆ ಸಾಕು. ಅಂತರಜಾಲದ ಯಾವ ಸಂಸ್ಥೆಗೂ ಅದು ಹೋಗುವುದಿಲ್ಲ. ಆದರೆ ಆ ಮುಖ್ಯ ಗುಪ್ತಪದವನ್ನು ಮರೆತರೆ ತೆರೆದುಕೊಡಬಲ್ಲವರು ಯಾರೂ ಇಲ್ಲ. ಆದ್ದರಿಂದ ಅದನ್ನು ಕಾಗದದಲ್ಲಿ ಬರೆದು, ಮೊಹರು ಮಾಡಿದ ಲಕೋಟೆಯಲ್ಲಿಟ್ಟು ಬ್ಯಾಂಕಿನ ಲಾಕರಿನಲ್ಲಿ ಇಡುವುದು ಯೋಗ್ಯ. ಪಾಲುದಾರಿಕೆ ಸಂಸ್ಥೆಗಳಲ್ಲಿ ಇದು ಇನ್ನೂ ಅಗತ್ಯ.

ಪಿಡಿಎಫ್ ಕಡತಗಳನ್ನು ಜೋಡಿಸುವುದು, ಬಿಡಿಸುವುದು ಈಗ ನಿತ್ಯದ ಕೆಲಸ. ಇದಕ್ಕಾಗಿ ಅನೇಕರು ಯಾವುದೋ ಜಾಲತಾಣಕ್ಕೆ ಪ್ಯಾನ್, ಆಧಾರ್, ಬ್ಯಾಂಕ್ ಪಟ್ಟಿ, ಬಾಡಿಗೆ ಕರಾರು ಎಲ್ಲವನ್ನೂ ಏರಿಸಿ, ಜೋಡಿಸಿದ ಪ್ರತಿಯನ್ನು ಇಳಿಸಿಕೊಳ್ಳುತ್ತಾರೆ. ಏರಿಸಿದ ಪ್ರತಿ ಅಲ್ಲಿ ಎಷ್ಟು ದಿನ ಇರುತ್ತದೆ, ಯಾರು ನೋಡುತ್ತಾರೆ ಎಂಬುದು ಏರಿಸಿದವರ ಹತೋಟಿಯಲ್ಲಿಲ್ಲ. ಪಿಡಿಎಫ್‌ಸ್ಯಾಮ್ ಬೇಸಿಕ್ ಈ ಕೆಲಸವನ್ನು ನಮ್ಮ ಯಂತ್ರದೊಳಗೆಯೇ ಮಾಡುತ್ತದೆ. ದಾಖಲೆಗಳನ್ನು ಸ್ಕ್ಯಾನ್ ಮಾಡಿ ಒಂದೇ ಪಿಡಿಎಫ್ ಮಾಡಲು ನ್ಯಾಪ್ಸ್2 ಇದೆ. ಇಲಾಖೆಯ ತಾಣಗಳಿಂದ ಇಳಿಸಿದ, ಗುಪ್ತಪದವುಳ್ಳ ಜಿಪ್ ಕಡತಗಳಿಗೆ 1999ರಿಂದ ಇರುವ 7-ಜಿಪ್ ಸಾಕು. ಪ್ಯಾರಿಸ್ಸಿನ ವಿದ್ಯಾರ್ಥಿಗಳ ಯೋಜನೆಯಾಗಿ 1996ರಲ್ಲಿ ಆರಂಭವಾದ ವಿಎಲ್‌ಸಿಯನ್ನು ಸಿನಿಮಾ ನೋಡಲೆಂದೇ ಎಲ್ಲರೂ ಬಲ್ಲರು. ಬೇರೆ ಪ್ಲೇಯರುಗಳು ತೆರೆಯದ ಸಿಸಿಟಿವಿ ತುಣುಕುಗಳನ್ನೂ ಅದು ಹಲವು ವೇಳೆ ತೆರೆಯುತ್ತದೆ.

ತಯಾರಕರಿಗೆ ಇನ್ನೆರಡು ಹೆಸರುಗಳು. ದೊಡ್ಡ ಕಾರ್ಖಾನೆಗಳಿಂದ ಬರುವ ಬಿಡಿಭಾಗಗಳ ನಕ್ಷೆಗಳು ಸ್ಟೆಪ್ ರೂಪದಲ್ಲಿದ್ದರೆ ಫ್ರೀಕ್ಯಾಡ್ ಅವನ್ನು ತೆರೆದು, ಅಳತೆ ನೋಡಿ, ತಿದ್ದಲು ಅವಕಾಶ ಕೊಡುತ್ತದೆ. 2002ರಲ್ಲಿ ಆರಂಭವಾದ ಈ ಯೋಜನೆ 1.0 ಆವೃತ್ತಿಯನ್ನು ತಲುಪಿದ್ದು 2024ರ ನವೆಂಬರಿನಲ್ಲಿ. ಅಂದರೆ ನಿಧಾನವಾದರೂ ನಿಂತಿಲ್ಲ. ಡಿಡಬ್ಲ್ಯೂಜಿ ಕಡತಗಳ ವಿಷಯದಲ್ಲಿ ಮಾತ್ರ ತೊಡಕು ಇದ್ದೇ ಇದೆ. ನಕ್ಷೆ ಕಳುಹಿಸುವವರಿಂದ ಸ್ಟೆಪ್ ಅಥವಾ ಡಿಎಕ್ಸ್ಎಫ್ ರೂಪವನ್ನು ಕೇಳಿ ಪಡೆಯುವುದು ಸುಲಭದ ದಾರಿ. ಚನ್ನಪಟ್ಟಣದ ಬೊಂಬೆಗಳ ಪೆಟ್ಟಿಗೆ, ಚೀಟಿ, ಬೆಲೆಪಟ್ಟಿಗಳ ವಿನ್ಯಾಸವನ್ನು ಇಂಕ್‌ಸ್ಕೇಪ್‌ನಲ್ಲಿ ಮಾಡಿಕೊಳ್ಳಬಹುದು; ಪ್ರತಿ ಬಾರಿ ಬೆಲೆ ತಿದ್ದಲು ಡಿಟಿಪಿ ಅಂಗಡಿಯ ಮುಂದೆ ಕಾಯಬೇಕಿಲ್ಲ.

ಕನ್ನಡದ ಕಡತಗಳು

ರಾಮನಗರ ಜಿಲ್ಲೆಯು 2025ರಲ್ಲಿ ಬೆಂಗಳೂರು ದಕ್ಷಿಣ ಜಿಲ್ಲೆ ಎಂದು ಮರುನಾಮಕರಣಗೊಂಡಾಗ ಪತ್ರಶೀರ್ಷಿಕೆ, ಬೀಜಕ, ಕರಾರುಗಳ ನಮೂನೆಗಳಲ್ಲಿ ವಿಳಾಸ ತಿದ್ದುವ ಕೆಲಸ ಎಲ್ಲರಿಗೂ ಬಂತು. ನಮೂನೆಯನ್ನು ಹಿಂದೆ ನುಡಿಯ ಹಳೆಯ ಅಕ್ಷರಶೈಲಿಗಳಲ್ಲಿ ಮಾಡಿಸಿದವರಿಗೆ ಅದು ಸುಲಭವಾಗಲಿಲ್ಲ. ಆ ಶೈಲಿಗಳಲ್ಲಿ ಅಕ್ಷರಗಳು ಇಂಗ್ಲಿಷ್ ಚಿಹ್ನೆಗಳ ಜಾಗದಲ್ಲಿ ಕುಳಿತಿರುವುದರಿಂದ, ಅದೇ ಅಕ್ಷರಶೈಲಿ ಇಲ್ಲದ ಯಂತ್ರದಲ್ಲಿ ಕಡತ ತೆರೆದರೆ ಅರ್ಥವಿಲ್ಲದ ಚಿಹ್ನೆಗಳ ಸಾಲು ಕಾಣುತ್ತದೆ. ಯೂನಿಕೋಡ್‌ನಲ್ಲಿ ಬರೆದುದಕ್ಕೆ ಈ ತೊಂದರೆಯಿಲ್ಲ.

ಮುಕ್ತ ತಂತ್ರಾಂಶಗಳು ಈ ಬಗ್ಗೆ ಹಿಂದೆ ಬಿದ್ದಿಲ್ಲ. ಲಿಬ್ರೆ ಆಫೀಸ್, ಫೈರ್‌ಫಾಕ್ಸ್ ಎರಡನ್ನೂ ಕನ್ನಡದ ಆದೇಶಪಟ್ಟಿಗಳೊಡನೆಯೇ ಬಳಸಬಹುದು. ನೋಟೋ, ಲೋಹಿತ್, ಗುಬ್ಬಿ, ನವಿಲು ಮುಂತಾದ ಕನ್ನಡ ಅಕ್ಷರಶೈಲಿಗಳು ಮುಕ್ತ ಪರವಾನಗಿಯಲ್ಲಿ ದೊರೆಯುತ್ತವೆ. ನುಡಿಯಲ್ಲಿ ಪಳಗಿದ ಬೆರಳಚ್ಚುಗಾರರು ಹೊಸ ಕೀಲಿಮಣೆ ಕಲಿಯಬೇಕೆಂಬ ಭಯವೂ ಬೇಡ. ಕನ್ನಡ ಗಣಕ ಪರಿಷತ್ತಿನ ಕೀಲಿಮಣೆ ವಿನ್ಯಾಸವು ಲಿನಕ್ಸ್‌ನಲ್ಲಿ ಕೆಜಿಪಿ ಎಂಬ ಹೆಸರಿನಲ್ಲಿ ಲಭ್ಯವಿದೆ. ಮುದ್ರಿತ ಕನ್ನಡ ಪುಟವನ್ನು ಪಠ್ಯವಾಗಿ ಪರಿವರ್ತಿಸುವ ಟೆಸರಾಕ್ಟ್ ಕೂಡ ಕನ್ನಡವನ್ನು ಓದುತ್ತದೆ. ಹಳೆಯ ಕ್ರಯಪತ್ರಗಳ ಮಸುಕು ಅಚ್ಚಿನಲ್ಲಿ ಅದರಿಂದ ಹೆಚ್ಚು ನಿರೀಕ್ಷಿಸಬಾರದು.

ಲೆಕ್ಕಪುಸ್ತಕಗಳ ವಿಷಯ

ಇಲ್ಲಿ ಎಚ್ಚರದಿಂದ ಮಾತನಾಡಬೇಕಾಗುತ್ತದೆ. ಯಂತ್ರಭಾಗಗಳನ್ನು ತಯಾರಿಸುವ ಒಂದು ಪುಟ್ಟ ಘಟಕವು ಮೌಲ್ಯವರ್ಧಿತ ತೆರಿಗೆಯ ಕಾಲದಲ್ಲಿ ಸ್ಥಳೀಯರೊಬ್ಬರು ಬರೆದುಕೊಟ್ಟ ಲೆಕ್ಕದ ತಂತ್ರಾಂಶವನ್ನು ಬಳಸುತ್ತಿತ್ತು. ಯಂತ್ರದ ಹಿಂಬದಿಗೆ ಸಿಕ್ಕಿಸುವ ಒಂದು ಕೀಲಿಯಿಲ್ಲದೆ ಅದು ತೆರೆಯುತ್ತಿರಲಿಲ್ಲ. 2017ರಲ್ಲಿ ಜಿಎಸ್‌ಟಿ ಬಂದ ಮೇಲೆ ಬೇರೆ ತಂತ್ರಾಂಶಕ್ಕೆ ಹೋದರು. ಅನಂತರ ಹಳೆಯ ಸಾಲಿನ ಬಗ್ಗೆ ಇಲಾಖೆಯಿಂದ ನೋಟಿಸು ಬಂದಾಗ ನೋಡಿದರೆ, ಕೀಲಿ ಕೆಟ್ಟಿದೆ, ಬರೆದುಕೊಟ್ಟವರು ವ್ಯವಹಾರ ಮುಚ್ಚಿದ್ದಾರೆ. ದತ್ತಾಂಶವು ಹಾರ್ಡ್ ಡಿಸ್ಕಿನಲ್ಲಿ ಇದ್ದೇ ಇತ್ತು, ಓದಲು ಸಾಧ್ಯವಾಗಲಿಲ್ಲ. ಮುದ್ರಿತ ಖರೀದಿ ವಹಿ ಅಟ್ಟದ ಮೇಲೆ ಸಿಕ್ಕಿದ್ದರಿಂದ ಹೂಡುವಳಿ ತೆರಿಗೆಯ ಒಂದು ಭಾಗ ಉಳಿಯಿತು. ಉಳಿದುದನ್ನು ಬಡ್ಡಿಯೊಡನೆ ಕಟ್ಟಿದರು. ವಹಿಗಳು ನಮ್ಮವು, ಬೀಗದಕೈ ಇನ್ನೊಬ್ಬರದು ಎಂಬ ಈ ಸ್ಥಿತಿ ತಂತ್ರಾಂಶದ ಬೆಲೆಗಿಂತ ದೊಡ್ಡ ವಿಷಯ ಎಂದು ನನ್ನ ಅಭಿಪ್ರಾಯ.

ಜಿಎಸ್‌ಟಿ ಅಧಿನಿಯಮದ 36ನೆಯ ಪ್ರಕರಣದ ಪ್ರಕಾರ ಲೆಕ್ಕಪತ್ರಗಳನ್ನು ವಾರ್ಷಿಕ ವಿವರಣೆಯ ಅಂತಿಮ ದಿನಾಂಕದಿಂದ 72 ತಿಂಗಳು ಕಾಯ್ದಿಡತಕ್ಕದ್ದು. 2023-24ನೇ ಸಾಲಿನ ವಾರ್ಷಿಕ ವಿವರಣೆಗೆ 2024ರ ಡಿಸೆಂಬರ್ 31 ಗಡುವಾಗಿತ್ತು. ಆದ್ದರಿಂದ ಆ ವಹಿಗಳು 2030ರ ಡಿಸೆಂಬರ್ 31ರವರೆಗೆ ಓದುವ ಸ್ಥಿತಿಯಲ್ಲಿ ಇರಬೇಕು. ಕಂಪನಿಗಳಿಗೆ ಎಂಟು ಹಣಕಾಸು ವರ್ಷಗಳು. ಇಷ್ಟು ಕಾಲ ಇಂದಿನ ತಂತ್ರಾಂಶ, ಇಂದಿನ ಯಂತ್ರ, ಇಂದಿನ ಚಂದಾ ಎಲ್ಲವೂ ಹಾಗೆಯೇ ಇರುತ್ತವೆಂದು ಯಾರು ಭರವಸೆ ಕೊಡಬಲ್ಲರು? ಯಾವುದೇ ತಂತ್ರಾಂಶ ಬಳಸಲಿ, ವರ್ಷಾಂತ್ಯದಲ್ಲಿ ದಿನವಹಿ, ಖಾತಾವಹಿ, ಖರೀದಿ, ಮಾರಾಟ, ದಾಸ್ತಾನು ವಹಿಗಳನ್ನು ಪಿಡಿಎಫ್ ಮತ್ತು ಸಿಎಸ್‌ವಿ ಎರಡೂ ರೂಪಗಳಲ್ಲಿ ಹೊರತೆಗೆದು ಇಡುವುದು ಈ ಕಾರಣಕ್ಕೆ. ಸಿಎಸ್‌ವಿ ಎಂಬುದು ಅಲ್ಪವಿರಾಮಗಳಿಂದ ಬೇರ್ಪಡಿಸಿದ ಸಾದಾ ಪಠ್ಯ. ಅದನ್ನು ಓದಲು ಯಾರ ಅಪ್ಪಣೆಯೂ ಬೇಡ.

ಹಾಗಾದರೆ ಲೆಕ್ಕವನ್ನೂ ಮುಕ್ತ ತಂತ್ರಾಂಶದಲ್ಲಿಯೇ ಇಡಬಹುದೇ? 1998ರಿಂದ ಇರುವ ಗ್ನೂಕ್ಯಾಶ್ ದ್ವಿನಮೂದು ಪದ್ಧತಿಯ ಸೊಗಸಾದ ತಂತ್ರಾಂಶ. ಮನೆಯ ಲೆಕ್ಕ, ಅವಿಭಕ್ತ ಕುಟುಂಬದ ಲೆಕ್ಕ, ದೇವಾಲಯ ಸಮಿತಿಯ ಲೆಕ್ಕಗಳಿಗೆ ಸಂತೋಷದಿಂದ ಶಿಫಾರಸು ಮಾಡುತ್ತೇನೆ. ವ್ಯಾಪಾರದ ಲೆಕ್ಕಕ್ಕೆ ಮಾಡುವುದಿಲ್ಲ. 2023ರ ಏಪ್ರಿಲ್ 1ರಿಂದ ಕಂಪನಿಗಳು ಬಳಸುವ ಲೆಕ್ಕದ ತಂತ್ರಾಂಶದಲ್ಲಿ ಪ್ರತಿ ವ್ಯವಹಾರದ ತಿದ್ದುಪಡಿಯೂ ದಿನಾಂಕ ಸಹಿತ ದಾಖಲಾಗಬೇಕು, ಆ ದಾಖಲಾತಿಯನ್ನು ನಿಲ್ಲಿಸಲು ಸಾಧ್ಯವಿರಬಾರದು. ಅಂತಹ ವ್ಯವಸ್ಥೆ ಗ್ನೂಕ್ಯಾಶ್‌ನಲ್ಲಿ ಇಲ್ಲ. ನಮ್ಮದು ಕಂಪನಿಯಲ್ಲ, ಏಕವ್ಯಕ್ತಿ ಸಂಸ್ಥೆ ಎಂದು ನಿಶ್ಚಿಂತರಾಗಿರುವವರು ಜಿಎಸ್‌ಟಿ ನಿಯಮ 56(8)ನ್ನು ಒಮ್ಮೆ ಓದಬೇಕು. ಗಣಕದಲ್ಲಿ ವಹಿ ಇಡುವವರೆಲ್ಲರೂ ತಿದ್ದಿದ, ಅಳಿಸಿದ ಪ್ರತಿ ನಮೂದಿನ ದಾಖಲೆ ಇಡತಕ್ಕದ್ದೆಂದು ಅಲ್ಲಿಯೂ ಹೇಳಿದೆ. ಲೆಕ್ಕವನ್ನು ಕೇವಲ ಕೋಷ್ಟಕ ಹಾಳೆಯಲ್ಲಿ ಇಡುವವರಿಗೂ ಈ ಮಾತು ಅನ್ವಯಿಸುತ್ತದೆ.

ಮುಂಬಯಿಯ ಫ್ರಾಪೆ ಸಂಸ್ಥೆಯ ಇಆರ್‌ಪಿ ನೆಕ್ಸ್ಟ್ ಈ ಕೊರತೆಯನ್ನು ತುಂಬಬಲ್ಲ ಮುಕ್ತ ತಂತ್ರಾಂಶ. ಖರೀದಿ, ದಾಸ್ತಾನು, ಉತ್ಪಾದನೆ, ಲೆಕ್ಕ ಎಲ್ಲವೂ ಅದರಲ್ಲಿವೆ. ಇಂಡಿಯಾ ಕಂಪ್ಲಯನ್ಸ್ ಎಂಬ ಜೋಡಣೆಯ ಮೂಲಕ ಜಿಎಸ್‌ಟಿ, ಇ-ಇನ್‌ವಾಯ್ಸ್, ಇ-ವೇ ಬಿಲ್, ತಿದ್ದುಪಡಿ ದಾಖಲೆಗಳೂ ದೊರೆಯುತ್ತವೆ. ಆದರೆ ಅದನ್ನು ಒಂದು ಸರ್ವರಿನಲ್ಲಿ ಸ್ಥಾಪಿಸಿ, ಪ್ರತಿದಿನ ಪ್ರತಿ ತೆಗೆದು, ಪರಿಷ್ಕರಿಸುತ್ತಿರಲು ತಿಳಿದವರೊಬ್ಬರು ಬೇಕು. ಪರವಾನಗಿ ಶುಲ್ಕವಿಲ್ಲ ಎಂದರೆ ವೆಚ್ಚವೇ ಇಲ್ಲ ಎಂದಲ್ಲ. ಇಪ್ಪತ್ತು ಮೂವತ್ತು ನೌಕರರ ಘಟಕಕ್ಕೆ ಇದು ಲಾಭಕರವಾದೀತು; ಅಣ್ಣತಮ್ಮಂದಿರಿಬ್ಬರು ನಡೆಸುವ ಅಂಗಡಿಗೆ ಭಾರವಾದೀತು. ಟ್ಯಾಲಿಯಲ್ಲಿ ನೆಮ್ಮದಿಯಾಗಿರುವವರು, ಪರವಾನಗಿ ಕೊಂಡು ಬಳಸುತ್ತಿದ್ದಲ್ಲಿ, ಅದನ್ನು ಬಿಡಬೇಕೆಂದು ನಾನು ಹೇಳಲಾರೆ. ತಂತ್ರಾಂಶದ ಮೇಲಿನ ಶೇಕಡ 18 ಜಿಎಸ್‌ಟಿ ಹೂಡುವಳಿ ತೆರಿಗೆ ಜಮೆಯಾಗಿ ದೊರೆಯುತ್ತದೆ. ಆದಾಯ ತೆರಿಗೆಯಲ್ಲಿ ಗಣಕ ಮತ್ತು ತಂತ್ರಾಂಶಕ್ಕೆ ಶೇಕಡ 40ರ ಸವಕಳಿ ಇದೆ. ರಾಜಿ ತೆರಿಗೆ ಪದ್ಧತಿಯಲ್ಲಿರುವ ಸಣ್ಣ ವರ್ತಕರಿಗೆ ಮಾತ್ರ ಆ 18 ಪೂರ್ತಿ ಕೈಯಿಂದ ಹೋಗುತ್ತದೆ. ಅವರಿಗೇ ಮುಕ್ತ ತಂತ್ರಾಂಶದ ಉಳಿತಾಯ ಹೆಚ್ಚು.

ಬದಲಾವಣೆಯ ಕ್ರಮ

ನಾನು ಸೂಚಿಸುವುದು ಮಿಶ್ರ ವ್ಯವಸ್ಥೆ. ಲೆಕ್ಕದ ತಂತ್ರಾಂಶ ಹಾಗೂ ಡಿಜಿಟಲ್ ಸಹಿ ಇರುವ ಒಂದು ಯಂತ್ರವು ಪರವಾನಗಿಯುಳ್ಳ ವಿಂಡೋಸ್‌ನಲ್ಲಿಯೇ ಇರಲಿ. ಇ-ವೇ ಬಿಲ್ಲುಗಳನ್ನು ಒಟ್ಟಾಗಿ ಸಿದ್ಧಪಡಿಸುವಂತಹ ಸರ್ಕಾರಿ ಸಾಧನಗಳು ಎಕ್ಸೆಲ್ ಮ್ಯಾಕ್ರೋಗಳ ಮೇಲೆ ನಿಂತಿರುವುದರಿಂದ ಲಿಬ್ರೆ ಆಫೀಸ್‌ನಲ್ಲಿ ಅವು ಸರಿಯಾಗಿ ನಡೆಯುತ್ತವೆಂದು ನಂಬಿ ಕೂರುವಂತಿಲ್ಲ. ಕೇಂದ್ರ ಸರ್ಕಾರವೇ 2015ರಲ್ಲಿ ಮುಕ್ತ ಆಕರ ತಂತ್ರಾಂಶಗಳಿಗೆ ಆದ್ಯತೆ ಕೊಡುವ ನೀತಿಯನ್ನು ಪ್ರಕಟಿಸಿದ ಮೇಲೂ ತೆರಿಗೆದಾರರ ಕೈಗೆ ಎಕ್ಸೆಲ್ ಹಾಳೆಗಳನ್ನೇ ಕೊಡುತ್ತಿರುವುದು ವಿಚಿತ್ರ. ವಾಣಿಜ್ಯ ಸಂಸ್ಥೆಗಳು ಈ ಬಗ್ಗೆ ಒಂದು ಮನವಿ ಸಲ್ಲಿಸಿದರೆ ತಪ್ಪಿಲ್ಲ.

ಉಳಿದ ಯಂತ್ರಗಳಿಗೆ, ಅಂದರೆ ಉಗ್ರಾಣ, ಪತ್ರವ್ಯವಹಾರ, ಮಿಂಚಂಚೆ, ರವಾನೆ ವಿಭಾಗಗಳಿಗೆ, ಲಿನಕ್ಸ್ ಮಿಂಟ್ ಅಥವಾ ಉಬುಂಟು ಹಾಕಬಹುದು. ಮಿಂಟ್ 2 ಜಿಬಿ ಸ್ಮೃತಿಯಲ್ಲಿಯೂ ಓಡುತ್ತದೆ, 4 ಜಿಬಿ ಇದ್ದರೆ ಆರಾಮ. ಪೆನ್ ಡ್ರೈವಿನಿಂದಲೇ ಚಾಲನೆ ಮಾಡಿ, ಯಂತ್ರದಲ್ಲಿ ಏನನ್ನೂ ಬದಲಿಸದೆ ಒಂದು ದಿನ ಬಳಸಿ ನೋಡಬಹುದು. ಆ ದಿನ ಮುಖ್ಯವಾಗಿ ಪರೀಕ್ಷಿಸಬೇಕಾದುದು ಮುದ್ರಣಯಂತ್ರ ಹಾಗೂ ಸ್ಕ್ಯಾನರ್. ಬಾರ್‌ಕೋಡ್ ಸ್ಕ್ಯಾನರುಗಳು ಸಾಮಾನ್ಯವಾಗಿ ಕೀಲಿಮಣೆಯಂತೆಯೇ ವರ್ತಿಸುವುದರಿಂದ ತೊಡಕಿಲ್ಲ. ತಂತ್ರಾಂಶಗಳನ್ನು ಆಯಾ ಯೋಜನೆಯ ಅಧಿಕೃತ ತಾಣದಿಂದ ಮಾತ್ರ ಇಳಿಸಿಕೊಳ್ಳಬೇಕು. ಶೋಧಕದಲ್ಲಿ ಮೊದಲು ಕಾಣುವ ಜಾಹೀರಾತು ಕೊಂಡಿಗಳು ಹಲವು ವೇಳೆ ಬೇರೆಯವರವು.

ಒಮ್ಮೆಗೇ ಎಲ್ಲವನ್ನೂ ಬದಲಿಸಹೋಗಬೇಡಿ. ಇರುವ ವಿಂಡೋಸ್‌ನಲ್ಲಿಯೇ ಲಿಬ್ರೆ ಆಫೀಸ್, ಫೈರ್‌ಫಾಕ್ಸ್, ಕೀಪಾಸ್ ಎಕ್ಸ್‌ಸಿ ಹಾಕಿ ಎರಡು ತಿಂಗಳು ಬಳಸಿದರೆ ಸಿಬ್ಬಂದಿಗೆ ರೂಢಿಯಾಗುತ್ತದೆ. ಯಂತ್ರವನ್ನು ಲಿನಕ್ಸ್‌ಗೆ ಬದಲಿಸಿದ ದಿನ ಅವರಿಗೆ ಅವೇ ಪರಿಚಿತ ತಂತ್ರಾಂಶಗಳು ಎದುರಾಗುತ್ತವೆ. ಬದಲಿಸುವ ಮುನ್ನ ಎಲ್ಲ ಕಡತಗಳನ್ನೂ ಎರಡು ಬೇರೆ ಬೇರೆ ಡಿಸ್ಕುಗಳಿಗೆ ಪ್ರತಿ ಮಾಡಿ, ಒಂದನ್ನು ಕಾರ್ಖಾನೆಯ ಹೊರಗೆ ಇಡಬೇಕು. ಮಾರ್ಚ್ ತಿಂಗಳಲ್ಲಿ ಈ ಕೆಲಸಕ್ಕೆ ಕೈ ಹಾಕುವುದು ಬೇಡ. ಏಪ್ರಿಲ್ 11ರ ಜಿಎಸ್‌ಟಿಆರ್-1 ಹಾಗೂ 20ರ 3ಬಿ ಸಲ್ಲಿಸಿ ಮುಗಿದ ಮೇಲೆ, ಒಂದು ಭಾನುವಾರ, ಉಗ್ರಾಣದ ಯಂತ್ರದಿಂದ ಆರಂಭಿಸಬಹುದು.